ನೀರು, ಕಸ: ಎರಡು ಕಚೇರಿ, ಒಂದೇ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಇಂದಿನ ವಿಷಯ ಸುಸ್ಥಿರ ಅಭಿವೃದ್ಧಿಗಾಗಿ ನೀರು ಮತ್ತು ಘನತ್ಯಾಜ್ಯದ ಸಮಗ್ರ ನಿರ್ವಹಣೆ. ಹೆಸರು ಕೇಳಿದರೇ ಕಣ್ಣು ಎಳೆಯುತ್ತದೆ, ಅಲ್ವಾ? ಅದಕ್ಕೇ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿದ್ದೆ ಬಂದವರಿಗೂ ಅಷ್ಟಾದರೂ ತಲುಪಲಿ.

ನೀರು ಕೆಡುವುದಕ್ಕೂ ಕಸ ನಾರುವುದಕ್ಕೂ ಬಹಳ ಸಲ ಕಾರಣ ಒಂದೇ. ಬೇರೆ ಬೇರೆ ಇರಬೇಕಾದ್ದನ್ನು ನಾವು ಬೆರೆಸುತ್ತೇವೆ. ಒಣ ಕಸಕ್ಕೆ ಹಸಿ ಕಸ ಬೆರೆಸುತ್ತೇವೆ. ಮಳೆನೀರಿಗೆ ಕೊಳಚೆ ಬೆರೆಸುತ್ತೇವೆ. ಮನೆಯ ಕೊಳಚೆಗೆ ಕಾರ್ಖಾನೆಯ ನೀರು ಬೆರೆಸುತ್ತೇವೆ. ಬೆರೆಸುವುದಕ್ಕೆ ಖರ್ಚಿಲ್ಲ, ಕ್ಷಣದ ಕೆಲಸ. ಬಿಡಿಸುವುದಕ್ಕೆ ಯಂತ್ರ ಬೇಕು, ಕರೆಂಟ್ ಬೇಕು, ಜಾಗ ಬೇಕು, ವರ್ಷಗಟ್ಟಲೆ ದುಡಿಯುವ ಜನ ಬೇಕು. ನಾವು ಹೆಮ್ಮೆಯಿಂದ ಉದ್ಘಾಟಿಸುವ ದೊಡ್ಡ ಘಟಕಗಳಲ್ಲಿ ಬಹಳಷ್ಟು ಇರುವುದೇ ಹೀಗೆ ಬೆರೆತದ್ದನ್ನು ಬಿಡಿಸಲಿಕ್ಕೆ.

ಬಹಳ ಊರುಗಳಲ್ಲಿ ಕುಡಿಯುವ ನೀರಿಗೆ ಒಂದು ಕಚೇರಿ, ಮಳೆನೀರಿನ ಕಾಲುವೆಗೆ ಇನ್ನೊಂದು, ಕಸಕ್ಕೆ ಮತ್ತೊಂದು. ವಿಶ್ವಸಂಸ್ಥೆಯೂ ಇದಕ್ಕೆ ಹೊರತಲ್ಲ. 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ನೋಡಿ. ನೀರು ಮತ್ತು ನೈರ್ಮಲ್ಯ 6ನೆಯ ಗುರಿ. ನಗರದ ಕಸ 11ರಲ್ಲಿ ಬರುತ್ತದೆ. ಕಸದ ಪ್ರಮಾಣ ತಗ್ಗಿಸುವುದು 12ರಲ್ಲಿ. ಕಾಗದದ ಮೇಲೆ ಹೀಗೆ ಹಂಚಿಕೊಳ್ಳುವುದು ತಪ್ಪೇನಲ್ಲ. ಆದರೆ ಒಂದು ಜೋರು ಮಳೆ ಬಂದರೆ 6, 11, 12 ಎಲ್ಲವೂ ಒಂದೇ ಚರಂಡಿಯಲ್ಲಿ ತೇಲುತ್ತವೆ.

ಮೊದಲು ಕಸದೊಳಗಿನ ನೀರಿನ ಮಾತು. ವಿಶ್ವ ಬ್ಯಾಂಕ್ 2018ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಪ್ರಪಂಚದ ಊರುಗಳು ವರ್ಷಕ್ಕೆ ಸುಮಾರು 201 ಕೋಟಿ ಟನ್ ಕಸ ಹಾಕುತ್ತವೆ. 2050ರ ಹೊತ್ತಿಗೆ ಅದು 340 ಕೋಟಿ ಟನ್ ಆಗಬಹುದು. ಕನಿಷ್ಠ ಮೂರನೇ ಒಂದು ಭಾಗ ಸರಿಯಾಗಿ ವಿಲೇವಾರಿಯೇ ಆಗುವುದಿಲ್ಲ. ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನಿಸುವುದು ಅದೇ ವರದಿಯ ಇನ್ನೊಂದು ಸಂಖ್ಯೆ. ಆ ಕಸದಲ್ಲಿ ಶೇ. 44ರಷ್ಟು ಆಹಾರ ಮತ್ತು ಸೊಪ್ಪುಸದೆ. ಬಡ ದೇಶಗಳಲ್ಲಿ ಅದು ಅರ್ಧಕ್ಕಿಂತ ಜಾಸ್ತಿ.

ಉಳಿದ ಆಹಾರ, ತರಕಾರಿ ಸಿಪ್ಪೆ ಇವುಗಳ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರು. ಅಂದರೆ ಕಸದ ಲಾರಿ ಅರ್ಧ ನೀರಿನ ಟ್ಯಾಂಕರ್ ಇದ್ದ ಹಾಗೆ. ಡೀಸೆಲ್ ಸುಟ್ಟು, ಊರಾಚೆಗೆ ಹತ್ತಾರು ಕಿಲೋಮೀಟರ್ ನಾವು ಸಾಗಿಸುತ್ತಿರುವುದು ನೀರನ್ನು. ಅಲ್ಲಿ ಹೋಗಿ ಸುರಿದ ಮೇಲೆ ಆ ನೀರು ಸುಮ್ಮನಿರುವುದಿಲ್ಲ. ರಾಶಿಯೊಳಗೆ ಕೊಳೆಯುತ್ತಾ ಕೆಳಗಿಳಿಯುತ್ತದೆ. ಮೇಲಿನಿಂದ ಮಳೆಯೂ ಸೇರುತ್ತದೆ. ದಾರಿಯಲ್ಲಿ ಸಿಕ್ಕ ಬ್ಯಾಟರಿಯ ಲೋಹ, ಬಣ್ಣದ ಡಬ್ಬಿಯ ರಾಸಾಯನಿಕ, ಅಮೋನಿಯಾ, ಉಪ್ಪು ಎಲ್ಲವನ್ನೂ ಕರಗಿಸಿಕೊಂಡು ಕಪ್ಪಗೆ ಹೊರಬರುತ್ತದೆ. ಇದಕ್ಕೆ ಲೀಚೆಟ್ ಅನ್ನುತ್ತಾರೆ. ಕಸದ ರಸ ಅಂದರೂ ಸರಿಯೇ.

ಈ ರಸ ಎಷ್ಟು ಕೆಟ್ಟದ್ದು? ನೀರು ಎಷ್ಟು ಕೊಳಕಾಗಿದೆ ಅಂತ ಅಳೆಯಲು ಬಿಒಡಿ ಎಂಬ ಅಳತೆ ಇದೆ. ನೀರಿನಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆ ಅನ್ನುವ ಲೆಕ್ಕ ಅದು. ಒಳ್ಳೆಯ ಹೊಳೆಯಲ್ಲಿ ಲೀಟರಿಗೆ ಒಂದೆರಡು ಮಿಲಿಗ್ರಾಂ ಇರುತ್ತದೆ. ಮನೆಗಳ ಕೊಳಚೆ ನೀರಿನಲ್ಲಿ 200ರಿಂದ 300. ಹೊಸ ಕಸದ ರಾಶಿಯಿಂದ ಇಳಿಯುವ ರಸದಲ್ಲಿ ಅದು ಹತ್ತು ಸಾವಿರ ದಾಟುವುದು ಅಪರೂಪವೇನಲ್ಲ. ಯೋಚನೆ ಮಾಡಿ. ನಾವು ಮೂಗು ಮುಚ್ಚಿಕೊಂಡು ದಾಟುವ ಚರಂಡಿ ನೀರಿಗಿಂತ ಹತ್ತಾರು ಪಟ್ಟು ಕೊಳಕಾದದ್ದು, ಅಡಿಯಲ್ಲಿ ನೀರು ತಡೆಯುವ ಹಾಸು ಇಲ್ಲದ ಗುಂಡಿಯಿಂದ ನೇರ ಅಂತರ್ಜಲಕ್ಕೆ ಇಳಿಯುತ್ತಿದೆ. ಸುತ್ತಲಿನ ಬಾವಿಗಳಲ್ಲಿ ಇದು ಕಾಣಿಸಿಕೊಳ್ಳಲು ವರ್ಷಗಳೇ ಬೇಕಾಗಬಹುದು. ಕಾಣಿಸಿಕೊಂಡ ಮೇಲೆ ಸರಿಮಾಡಲು ಅದಕ್ಕಿಂತ ಜಾಸ್ತಿ ಕಾಲ ಬೇಕು.

ನೀರು ರಾಶಿಯೊಳಗೇ ಉಳಿದರೆ ಇನ್ನೊಂದು ಅಪಾಯ. 2000ದ ಜುಲೈನಲ್ಲಿ ಮನಿಲಾದ ಪಯಾತಾಸ್ ಕಸದ ಗುಡ್ಡ ಕುಸಿದು 200ಕ್ಕೂ ಹೆಚ್ಚು ಜನ ಸತ್ತರು. 2005ರ ಫೆಬ್ರವರಿ 21ರಂದು ಇಂಡೊನೇಷ್ಯಾದ ಬಂಡುಂಗ್ ಬಳಿಯ ಲ್ಯೂವಿಗಾಜಾದಲ್ಲಿ ಹಾಗೇ ಆಗಿ 140ಕ್ಕೂ ಹೆಚ್ಚು ಜನ ಹೋದರು. ಎರಡೂ ಕಡೆ ಮುಂಚಿನ ದಿನಗಳಲ್ಲಿ ಜೋರು ಮಳೆ ಸುರಿದಿತ್ತು. ನೀರು ತುಂಬಿದ ರಾಶಿ ಭಾರವಾಗುತ್ತದೆ, ಒಳಗಿನ ಹಿಡಿತ ಸಡಿಲವಾಗುತ್ತದೆ, ಜಾರುತ್ತದೆ. ಆ ಗುಡ್ಡಗಳ ಬುಡದಲ್ಲಿ ಮನೆ ಮಾಡಿಕೊಂಡಿದ್ದವರಲ್ಲಿ ಕಸ ಆಯ್ದು ಬದುಕುವವರೇ ಬಹಳ ಮಂದಿ. ಇಂಡೊನೇಷ್ಯಾ ಈಗ ಫೆಬ್ರವರಿ 21ನ್ನು ಕಸದ ಜಾಗೃತಿ ದಿನವಾಗಿ ಆಚರಿಸುತ್ತದೆ.

"ಅಷ್ಟೆಲ್ಲ ಯಾಕೆ, ಸುಟ್ಟು ಕರೆಂಟ್ ಮಾಡಿದರಾಯಿತು" ಅನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅವರಿಗಾಗಿ ಒಂದು ಪುಟ್ಟ ಲೆಕ್ಕ. ಕಸ ಸುಡುವ ಕುಲುಮೆ ಬೇರೆ ಇಂಧನ ಸುರಿಯದೆ ಉರಿಯಬೇಕಾದರೆ ಒಂದು ಕಿಲೋ ಕಸದಿಂದ ಸರಾಸರಿ 7 ಮೆಗಾಜೂಲ್ ಶಾಖ ಬರಬೇಕು. ಒಂದು ಕಿಲೋ ಹಸಿ ಕಸ ತೆಗೆದುಕೊಳ್ಳಿ. ಮುಕ್ಕಾಲು ಕಿಲೋ ನೀರು, ಕಾಲು ಕಿಲೋ ಒಣ ಪದಾರ್ಥ. ಆ ಕಾಲು ಕಿಲೋ ಪೂರ್ತಿ ಉರಿದರೆ ಸುಮಾರು 4 ಮೆಗಾಜೂಲ್ ಬಂದೀತು. ಮುಕ್ಕಾಲು ಕಿಲೋ ನೀರನ್ನು ಆವಿ ಮಾಡಲು ಅದರಲ್ಲಿ ಹೆಚ್ಚುಕಡಿಮೆ 2 ಖರ್ಚು. ಕೈಗೆ ಉಳಿಯುವುದು 2. ಬೇಕಾದ್ದು 7. ಉಳಿದದ್ದನ್ನು ಪ್ಲಾಸ್ಟಿಕ್ ಮತ್ತು ಕಾಗದ ಸುಟ್ಟು ತುಂಬಿಸಬೇಕು. ಅಂದರೆ ಮರುಬಳಕೆಗೆ ಹೋಗಬಹುದಾಗಿದ್ದ ಒಣ ಕಸವನ್ನು ಹಸಿ ಕಸ ಒಣಗಿಸಲು ಸುಡುತ್ತೇವೆ! ಯಂತ್ರದ ತಪ್ಪು ಇದರಲ್ಲಿ ಏನೂ ಇಲ್ಲ. ಕೊಟ್ಟದ್ದೇ ಬೆರಕೆ.

ಇನ್ನು ನೀರಿನೊಳಗಿನ ಕಸ. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿ ವಾದಕ್ಕೆ ಜಾಗವಿಲ್ಲ. 1988 ಮತ್ತು 1998ರ ಪ್ರವಾಹಗಳಲ್ಲಿ ಪ್ಲಾಸ್ಟಿಕ್ ಚೀಲಗಳು ಚರಂಡಿ ಕಟ್ಟಿ ನೀರು ಇಳಿಯದಂತೆ ಮಾಡಿದ್ದನ್ನು ನೋಡಿದ ಬಾಂಗ್ಲಾದೇಶ 2002ರಲ್ಲಿ ತೆಳು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅಷ್ಟು ಮಳೆಗೆ ಯಾವ ಊರೂ ತಡೆಯುವುದಿಲ್ಲ, ನಿಜ. ಆದರೆ ಕಸ ತುಂಬಿದ ಕಾಲುವೆಗಳು ನೀರು ಇಳಿಯುವುದನ್ನು ಇನ್ನಷ್ಟು ತಡಮಾಡಿದವು. ಸೂರತ್‌ನಲ್ಲಿ 1994ರಲ್ಲಿ ಪ್ರವಾಹ ಇಳಿದ ಮೇಲೆ ಕಸ, ಸತ್ತ ಪ್ರಾಣಿ ಎಲ್ಲವೂ ಬೀದಿಯಲ್ಲೇ ಉಳಿದವು. ಅದರ ಬೆನ್ನಿಗೇ ಪ್ಲೇಗ್ ಬಂತು, ಜನ ಊರು ಬಿಟ್ಟು ಓಡಿದರು. ಮುಂದಿನ ವರ್ಷಗಳಲ್ಲಿ ಅದೇ ಸೂರತ್ ಕಸ ಸಾಗಿಸುವ ವ್ಯವಸ್ಥೆಯನ್ನು ಬುಡದಿಂದ ಬದಲಿಸಿತು. ಈಗ ಕೊಳಚೆ ನೀರನ್ನು ಶುದ್ಧಮಾಡಿ ಬಟ್ಟೆ ಕಾರ್ಖಾನೆಗಳಿಗೆ ಮಾರುತ್ತದೆ ಕೂಡ. ಹೆದರಿಕೆ ಒಳ್ಳೆಯ ಮೇಷ್ಟ್ರು. ಫೀಸ್ ಮಾತ್ರ ಜಾಸ್ತಿ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಬೆರಕೆಯನ್ನು ನಾವು ಕಲಿತದ್ದು ಎಲ್ಲಿಂದ?

19ನೆಯ ಶತಮಾನದ ಆರಂಭದವರೆಗೂ ಲಂಡನ್ನಿನ ಚರಂಡಿಗಳಿದ್ದದ್ದು ಮಳೆನೀರಿಗೆ. ಮನೆಯ ಮಲ ಮನೆಯಡಿಯ ಗುಂಡಿಗೆ ಹೋಗುತ್ತಿತ್ತು. ರಾತ್ರಿ ಹೊತ್ತು ಅದನ್ನು ಬಾಚಿ ಹೊಲಗಳಿಗೆ ಮಾರುವವರಿದ್ದರು. ಚೆಂದದ ಕೆಲಸ ಅಂತ ನಾನು ಹೇಳುತ್ತಿಲ್ಲ. ಮನುಷ್ಯರಿಂದ ಮಾಡಿಸಬಾರದ ಕೆಲಸ. ಆದರೆ ಮಣ್ಣಿನ ಸಾರ ಮಣ್ಣಿಗೇ ವಾಪಸ್ ಹೋಗುತ್ತಿತ್ತು, ನದಿಗೆ ಬೀಳುತ್ತಿರಲಿಲ್ಲ. ಆಮೇಲೆ ಫ್ಲಶ್ ಮಾಡುವ ಕಕ್ಕಸುಗಳು ಬಂದವು. ನೀರು ಜಾಸ್ತಿಯಾಗಿ ಗುಂಡಿಗಳು ಉಕ್ಕಿದವು. 1815ರಲ್ಲಿ ಮನೆಯ ಕೊಳಚೆಯನ್ನು ಮಳೆ ಚರಂಡಿಗೆ ಬಿಡಲು ಒಪ್ಪಿಗೆ ಸಿಕ್ಕಿತು. 1840ರ ದಶಕ ಮುಗಿಯುವಷ್ಟರಲ್ಲಿ ಅದು ಕಡ್ಡಾಯವೇ ಆಯಿತು. ಎಲ್ಲವೂ ಥೇಮ್ಸ್ ನದಿಗೆ. ಕುಡಿಯುವ ನೀರೂ ಅದೇ ಥೇಮ್ಸ್‌ನಿಂದ. ಕಾಲರಾ ಮತ್ತೆ ಮತ್ತೆ ಬಂತು. 1854ರಲ್ಲಿ ಜಾನ್ ಸ್ನೋ ಎಂಬ ವೈದ್ಯರು ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ಸುತ್ತ ಸಾವುಗಳನ್ನು ಗುರುತು ಹಾಕಿ, ರೋಗ ಹರಡುವುದು ನೀರಿನಿಂದ ಅಂತ ತೋರಿಸಿದರು. ಬಹಳ ಮಂದಿ ಆಗ ನಂಬಲಿಲ್ಲ.

1858ರ ಬೇಸಿಗೆಯಲ್ಲಿ ನದಿಯ ನಾತ ಎಷ್ಟಾಯಿತೆಂದರೆ, ದಡದಲ್ಲಿದ್ದ ಸಂಸತ್ತಿನ ಕಿಟಕಿ ಪರದೆಗಳನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ನೆನೆಸಿ ಕಟ್ಟಿದರು. ವರ್ಷಗಟ್ಟಲೆ ಎಳೆದಾಡಿದ್ದ ಒಳಚರಂಡಿ ಯೋಜನೆಗೆ ಆಗ ಕೆಲವೇ ವಾರಗಳಲ್ಲಿ ಒಪ್ಪಿಗೆ ಸಿಕ್ಕಿತು. ಅಧಿಕಾರದಲ್ಲಿರುವವರ ಮೂಗಿಗೆ ಬಡಿದರೆ ಕೆಲಸ ಬೇಗ ಆಗುತ್ತದೆ, ಇದು ಅಂದಿಗೂ ಇಂದಿಗೂ ನಿಜ. ಎಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್ ಕಟ್ಟಿದ ಆ ಜಾಲ ಲೆಕ್ಕವಿಲ್ಲದಷ್ಟು ಜೀವ ಉಳಿಸಿತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೊಳವೆಗಳಲ್ಲಿ ಮಳೆನೀರು, ಕೊಳಚೆ ನೀರು ಎರಡೂ ಒಟ್ಟಿಗೇ ಹರಿದವು. ಮಳೆ ಜೋರಾದರೆ ತುಂಬಿ, ಕೊಳಚೆಯೊಂದಿಗೇ ನದಿಗೆ ಉಕ್ಕುತ್ತಿತ್ತು. ಪ್ರಪಂಚದ ಎಷ್ಟೋ ಊರುಗಳು ಇದೇ ಮಾದರಿ ಹಿಡಿದವು. ಆ ಉಕ್ಕುವಿಕೆಯನ್ನು ತಡೆಯಲು ಲಂಡನ್ ನದಿಯ ಅಡಿಯಲ್ಲಿ 25 ಕಿಲೋಮೀಟರ್ ಉದ್ದದ, 7 ಮೀಟರಿಗೂ ಹೆಚ್ಚು ಅಗಲದ ಸುರಂಗ ಕೊರೆಯಬೇಕಾಯಿತು. ಅದು ಪೂರ್ತಿ ಜೋಡಣೆಯಾದದ್ದು 2025ರಲ್ಲಿ. ಆವತ್ತು ಒಂದೇ ಕೊಳವೆಯಲ್ಲಿ ಬಿಟ್ಟ ಎರಡು ನೀರಿಗೆ ಒಂದೂವರೆ ಶತಮಾನದ ಮೇಲೆ ಬಂದ ಬಿಲ್ ಅದು.

ಕೊಳಚೆ ನೀರಿನಲ್ಲಿ ಶೇ. 99.9 ಬರೀ ನೀರೇ. ಕೊಳೆ ಅನ್ನುವುದು ಸಾವಿರದಲ್ಲಿ ಒಂದು ಪಾಲು. ಆ ಒಂದು ಪಾಲು ಏನು ಅನ್ನುವುದರ ಮೇಲೆ ಉಳಿದ 999ರ ಹಣೆಬರಹ ನಿಂತಿದೆ. ನಮೀಬಿಯಾದ ರಾಜಧಾನಿ ವಿಂಡ್‌ಹುಕ್ ಮರಳುಗಾಡಿನ ಅಂಚಿನ ಊರು. ಹತ್ತಿರದಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಅಲ್ಲಿ 1968ರಿಂದಲೇ ಕೊಳಚೆ ನೀರನ್ನು ಶುದ್ಧಮಾಡಿ ಮತ್ತೆ ಕುಡಿಯುವ ನೀರಿನ ಕೊಳವೆಗೆ ಸೇರಿಸುತ್ತಿದ್ದಾರೆ. 2002ರಲ್ಲಿ ಹೊಸ ಘಟಕವೂ ಬಂತು. ಊರಿನ ಕುಡಿಯುವ ನೀರಿನಲ್ಲಿ ಸುಮಾರು ಕಾಲು ಭಾಗ ಅಲ್ಲಿಂದ. ಇದನ್ನು ಹೇಳುವವರೆಲ್ಲ ಶೋಧನೆಯ ಹಂತಗಳನ್ನು ವರ್ಣಿಸುತ್ತಾರೆ: ಓಝೋನ್, ಇದ್ದಿಲು, ಸೂಕ್ಷ್ಮ ಜಾಲರಿ. ನನಗೆ ಅದಕ್ಕಿಂತ ದೊಡ್ಡದು ಅನಿಸುವುದು ಅವರು ಮಾಡಿದ ಒಂದು ಸಾದಾ ಕೆಲಸ. ಕಾರ್ಖಾನೆಗಳ ನೀರನ್ನು ಮನೆಗಳ ನೀರಿಗೆ ಸೇರಲು ಬಿಡಲಿಲ್ಲ. ಅದಕ್ಕೆ ಬೇರೆ ಕೊಳವೆ, ಬೇರೆ ಘಟಕ. ಮನೆಯ ಕೊಳಚೆಯಲ್ಲಿ ಏನಿರುತ್ತದೆ ಅಂತ ಗೊತ್ತಿರುತ್ತದೆ. ಕಾರ್ಖಾನೆಯದ್ದರಲ್ಲಿ ಏನಿರುತ್ತದೋ ಕಾರ್ಖಾನೆಯವರಿಗೇ ಗೊತ್ತು.

ಇದರ ತಿರುಗುಮುರುಗು ಕಥೆ ಅಮೆರಿಕದಲ್ಲಿದೆ. ಕೊಳಚೆ ಶುದ್ಧಮಾಡಿದ ಮೇಲೆ ತಳದಲ್ಲಿ ಕೆಸರು ಉಳಿಯುತ್ತದೆ, ಸ್ಲಡ್ಜ್ ಅಂತಾರಲ್ಲ, ಅದು. ಒಳ್ಳೆಯ ಗೊಬ್ಬರ. ಮಿಲ್‌ವಾಕಿ ನಗರ 1926ರಿಂದ ಅದನ್ನು ಒಣಗಿಸಿ ಚೀಲದಲ್ಲಿ ತುಂಬಿ ಮಾರುತ್ತಿದೆ. ಆದರೆ ಕಾರ್ಖಾನೆಗಳಿಂದಲೂ ದಿನಬಳಕೆಯ ವಸ್ತುಗಳಿಂದಲೂ ಪಿಎಫ್‌ಎಎಸ್ ಎಂಬ ಸುಲಭಕ್ಕೆ ನಾಶವಾಗದ ರಾಸಾಯನಿಕಗಳು ಒಳಚರಂಡಿಗೆ ಸೇರಿದವು. ಕೆಸರಿನ ಜತೆ ಹೊಲಕ್ಕೆ ಹೋದವು, ಹೊಲದಿಂದ ಹಾಲಿಗೂ ಬಾವಿಗೂ ಬಂದವು. ಕೊನೆಗೆ 2022ರಲ್ಲಿ ಮೇನ್ ರಾಜ್ಯ ಹೊಲಕ್ಕೆ ಕೆಸರು ಹಾಕುವುದನ್ನೇ ನಿಷೇಧಿಸಿತು. ಗೊಬ್ಬರವಾಗಿದ್ದ ವಸ್ತು ಕಸವಾಯಿತು. ಆ ಕಸಕ್ಕೆ ಈಗ ಜಾಗ ಹುಡುಕಬೇಕು. ನೀರಿನ ಕಚೇರಿಯ ತಲೆನೋವು ಕಸದ ಕಚೇರಿಗೆ ವರ್ಗವಾಯಿತು, ಅಷ್ಟೇ.

ವರ್ಗವಾಗುವ ಈ ರೋಗಕ್ಕೆ ದಕ್ಷಿಣ ಕೊರಿಯಾದಲ್ಲಿ ಇನ್ನೂ ಒಳ್ಳೆಯ ಉದಾಹರಣೆ ಸಿಗುತ್ತದೆ. ನಾತ ಮತ್ತು ಲೀಚೆಟ್ ತಡೆಯಲಾಗದೆ ಅವರು 2005ರಲ್ಲಿ ಆಹಾರದ ಕಸವನ್ನು ನೆಲಭರ್ತಿಗೆ, ಅಂದರೆ ಕಸ ಹೂಳುವ ಗುಂಡಿಗೆ, ಹಾಕುವುದನ್ನು ನಿಲ್ಲಿಸಿದರು. ಮನೆಮನೆಯಲ್ಲಿ ಬೇರೆ ಮಾಡಿಸಿದರು. ಅದನ್ನು ಗೊಬ್ಬರ, ಪಶು ಆಹಾರ ಮಾಡಲು ಹಿಂಡಬೇಕಾಗುತ್ತಿತ್ತು. ಹಿಂಡಿದ ನೀರು? ಸಮುದ್ರಕ್ಕೆ. ನೆಲದ ಸಮಸ್ಯೆ ಮುಗಿಯಿತು ಅಂದುಕೊಂಡರೆ ಕಡಲಿನ ಸಮಸ್ಯೆ ಶುರುವಾಗಿತ್ತು. 2013ರಿಂದ ಅದನ್ನೂ ನಿಷೇಧಿಸಿದರು. ಆಗ ಆ ನೀರನ್ನು ಬಯೋಗ್ಯಾಸ್ ಮಾಡುವ ದಾರಿ ಹುಡುಕಲೇಬೇಕಾಯಿತು. ಅದೇ ವರ್ಷ ತೂಕಕ್ಕೆ ತಕ್ಕ ಶುಲ್ಕವನ್ನೂ ತಂದರು. ಈಗ ಅಲ್ಲಿ ಆಹಾರದ ಕಸದಲ್ಲಿ ಬಹುಪಾಲು ಮರುಬಳಕೆಯಾಗುತ್ತದೆ. ದಾರಿ ಸುತ್ತಿ ಬಂದರೂ ಸರಿಯಾದ ಜಾಗಕ್ಕೇ ಬಂದರು.

ಆ ಜಾಗವೇ ನೀರು, ಕಸ ಎರಡೂ ನಿಜಕ್ಕೂ ಕೈಜೋಡಿಸಬಹುದಾದ ಜಾಗ. ಬಯೋಗ್ಯಾಸ್ ತೊಟ್ಟಿ. ಕೊಳಚೆ ಘಟಕಗಳಲ್ಲಿ ಕೆಸರನ್ನು ಗಾಳಿಯಾಡದ ದೊಡ್ಡ ತೊಟ್ಟಿಗಳಲ್ಲಿ ಕೊಳೆಸುತ್ತಾರೆ. ಮೀಥೇನ್ ಎಂಬ ಉರಿಯುವ ಗ್ಯಾಸ್ ಬರುತ್ತದೆ. ಕೆಸರು ಒಂದನ್ನೇ ಹಾಕಿದರೆ ಗ್ಯಾಸ್ ಸುಮಾರಾಗಿ ಬರುತ್ತದೆ, ಯಾಕೆಂದರೆ ಅದರ ಸತ್ವ ಆಗಲೇ ಅರ್ಧ ಕಳೆದಿರುತ್ತದೆ. ಜತೆಗೆ ಹಸಿ ಕಸ ಹಾಕಿದರೆ ಗ್ಯಾಸ್ ಚೆನ್ನಾಗಿ ಹೆಚ್ಚುತ್ತದೆ. ಹಸಿ ಕಸದ ನೀರು ಇಲ್ಲಿ ಹೊರೆಯಲ್ಲ, ತೊಟ್ಟಿಗೆ ಬೇಕಾದದ್ದೇ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿರುವ ಈಸ್ಟ್ ಬೇ ಸಂಸ್ಥೆಯ ಕೊಳಚೆ ಘಟಕ ಹೀಗೆ ಹೊರಗಿನ ಆಹಾರದ ಕಸ, ಜಿಡ್ಡು ತೆಗೆದುಕೊಂಡು 2012ರಲ್ಲಿ ತನಗೆ ಬೇಕಾದ್ದಕ್ಕಿಂತ ಜಾಸ್ತಿ ಕರೆಂಟ್ ಮಾಡತೊಡಗಿತು. ಸಾಮಾನ್ಯವಾಗಿ ಕೊಳಚೆ ಘಟಕ ಅಂದರೆ ಕರೆಂಟ್ ನುಂಗುವ ಜಾಗ. ಅದರ ಬಿಲ್ಲಿನಲ್ಲಿ ಅರ್ಧದಷ್ಟು ನೀರಿಗೆ ಗಾಳಿ ಊದುವುದಕ್ಕೇ ಹೋಗುತ್ತದೆ. ಸಿಂಗಾಪುರ ಟುವಾಸ್ ಎಂಬಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಕೊಳಚೆ ಶುದ್ಧಮಾಡುವ ಘಟಕ, ಕಸದ ಘಟಕ ಎರಡನ್ನೂ ಮೊದಲಿನಿಂದಲೇ ಪಕ್ಕಪಕ್ಕದಲ್ಲಿ, ಒಂದಕ್ಕೊಂದು ಜೋಡಿಸುವಂತೆ ಯೋಜಿಸಿದೆ. ಹಸಿ ಕಸ ಮತ್ತು ಕರೆಂಟ್ ಕಸದ ಘಟಕದಿಂದ ಕೊಳಚೆ ಘಟಕಕ್ಕೆ, ಶುದ್ಧಮಾಡಿದ ನೀರು ಕೊಳಚೆ ಘಟಕದಿಂದ ಕಸದ ಘಟಕಕ್ಕೆ.

ಯಂತ್ರವಿಲ್ಲದೆಯೂ ಇದು ಆಗುತ್ತದೆ. ಕೋಲ್ಕತ್ತದ ಪೂರ್ವಕ್ಕೆ 12,500 ಹೆಕ್ಟೇರ್ ಜೌಗು ಪ್ರದೇಶವಿದೆ. ಊರಿನ ಕೊಳಚೆ ಅಲ್ಲಿನ ಆಳವಿಲ್ಲದ ಕೆರೆಗಳಿಗೆ ಹರಿಯುತ್ತದೆ. ಬಿಸಿಲು, ಪಾಚಿ, ಬ್ಯಾಕ್ಟೀರಿಯಾ ಸೇರಿ ಅದನ್ನು ತಿಳಿಯಾಗಿಸುತ್ತವೆ. ಪಾಚಿಯನ್ನು ಮೀನು ತಿನ್ನುತ್ತದೆ. ಪಕ್ಕದ ಧಾಪಾದಲ್ಲಿ ಹಳೆಯ ಕಸದ ನೆಲದ ಮೇಲೆ ತರಕಾರಿ ಬೆಳೆಯುತ್ತಾರೆ. ಈ ವ್ಯವಸ್ಥೆಯ ಬೆಲೆಯನ್ನು ಹೊರಜಗತ್ತಿಗೆ ತಿಳಿಸಿದವರು ಧ್ರುಬಜ್ಯೋತಿ ಘೋಷ್ ಎಂಬ ಸರ್ಕಾರಿ ಎಂಜಿನಿಯರ್. ಊರಿನ ಕೊಳಚೆ ಕೊನೆಗೆ ಎಲ್ಲಿ ಹೋಗುತ್ತದೆ ಅಂತ ಹುಡುಕುತ್ತಾ ಹೋದವರು ಅವರು. 2002ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮನ್ನಣೆ, ಬಂತು. ಇದನ್ನು ಕಥೆಯ ಹಾಗೆ ಹೊಗಳಿ ಬಿಡುವುದು ಬೇಡ. ಚರ್ಮದ ಕಾರ್ಖಾನೆಗಳ, ಕ್ರೋಮಿಯಂ ಎಂಬ ಲೋಹ ಬೆರೆತ ನೀರು ಕಾಲುವೆಗೆ ಸೇರಿದಾಗ ಕೆರೆಗಳಿಗೂ ಅಪಾಯ ಬಂತು. ಕಸದಲ್ಲಿ ಪ್ಲಾಸ್ಟಿಕ್ ಬೆರೆತ ಮೇಲೆ ಆ ಹೊಲಗಳ ಮಣ್ಣೂ ಮೊದಲಿನಂತಿಲ್ಲ. ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತದೆ, ಕ್ರೋಮಿಯಂ ತಿನ್ನುವುದಿಲ್ಲ.

ಮಾತು ಇಷ್ಟು. ಆಮೇಲೆ ಸಭೆಯಿಂದ ಕೆಲವು ಪ್ರಶ್ನೆಗಳು ಬಂದವು. ಅವುಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬರು ಕೇಳಿದರು: "ಸಿಂಕಿನಡಿಯಲ್ಲಿ ಕಸ ಅರೆಯುವ ಯಂತ್ರ ಇಟ್ಟರೆ ಹಸಿ ಕಸ ತಾನಾಗಿ ಕೊಳಚೆ ಘಟಕಕ್ಕೆ ಹೋಗುತ್ತದಲ್ಲ? ಇದೂ ಸಮಗ್ರ ನಿರ್ವಹಣೆ ತಾನೇ?"

ಒಳ್ಳೆಯ ಪ್ರಶ್ನೆ. ಕೊಳವೆ ಗಟ್ಟಿಯಿದ್ದು, ಇಳಿಜಾರು ಸರಿಯಿದ್ದು, ಕೊನೆಯಲ್ಲಿ ಬಯೋಗ್ಯಾಸ್ ತೊಟ್ಟಿ ಇರುವ ಊರಿನಲ್ಲಿ ಆಗಬಹುದು. ನ್ಯೂಯಾರ್ಕ್ ಬಹಳ ವರ್ಷ ಊರಿನ ಹೆಚ್ಚಿನ ಭಾಗದಲ್ಲಿ ಅದನ್ನು ನಿಷೇಧಿಸಿ, 1997ರಲ್ಲಿ ಆ ನಿಷೇಧ ತೆಗೆಯಿತು. ಆದರೆ ಹರಿವು ಕಡಿಮೆ ಇರುವ ಕೊಳವೆಯಲ್ಲಿ ಅರೆದ ಕಸವೂ ಜಿಡ್ಡೂ ಸೇರಿ ಗಟ್ಟಿಯಾಗುತ್ತವೆ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಜಿಡ್ಡು, ಒರೆಸುವ ಬಟ್ಟೆಗಳು ಸೇರಿ 250 ಮೀಟರ್ ಉದ್ದ, 130 ಟನ್ ತೂಕದ ಗಡ್ಡೆ ಸಿಕ್ಕಿತ್ತು. ಶುದ್ಧಮಾಡುವ ಘಟಕವೇ ಇಲ್ಲದ ಊರಿನಲ್ಲಿ ಆ ಯಂತ್ರ ಇಟ್ಟರೆ ಕಸವನ್ನು ನದಿಗೆ ಹಾಕಿದ ಹಾಗೇ. ಸುಮ್ನೆ ಕಣ್ಣಿಗೆ ಕಾಣದ ಹಾಗೆ ಹಾಕುತ್ತೇವೆ ಅಷ್ಟೆ.

ಇನ್ನೊಬ್ಬರದ್ದು ರಂಜಕದ (ಫಾಸ್ಫರಸ್) ಪ್ರಶ್ನೆ. ಗೊಬ್ಬರಕ್ಕೆ ಬೇಕಾದ ರಂಜಕವನ್ನು ಗಣಿಯಿಂದ ತೆಗೆಯುತ್ತೇವೆ, ಕೊಳಚೆಯಲ್ಲಿ ಕಳೆಯುತ್ತೇವೆ. ವಾಪಸ್ ಪಡೆಯಲಾಗದೇ? ಆಗುತ್ತದೆ. ಜರ್ಮನಿ 2017ರಲ್ಲಿ ಕಾನೂನು ಮಾಡಿ, ದೊಡ್ಡ ಘಟಕಗಳು 2029ರಿಂದ ಕೆಸರಿನಲ್ಲಿರುವ ರಂಜಕವನ್ನು ವಾಪಸ್ ತೆಗೆಯಲೇಬೇಕು ಅಂದಿದೆ. ಕೆಸರು ಸುಟ್ಟ ಬೂದಿಯಿಂದ ರಂಜಕ ತೆಗೆಯುವ ಘಟಕ ಹ್ಯಾಂಬರ್ಗ್‌ನಲ್ಲಿದೆ. ತಮಾಷೆ ಏನೆಂದರೆ, 1669ರಲ್ಲಿ ಹೆನ್ನಿಗ್ ಬ್ರಾಂಡ್ ಎಂಬಾತ ಚಿನ್ನ ಮಾಡುವ ಆಸೆಯಿಂದ ಮೂತ್ರ ಕುದಿಸುತ್ತಾ ಕೂತು ರಂಜಕವನ್ನು ಕಂಡುಹಿಡಿದದ್ದೂ ಇದೇ ಹ್ಯಾಂಬರ್ಗ್‌ನಲ್ಲಿ.

ಕೊನೆಯ ಪ್ರಶ್ನೆ ಒಬ್ಬ ಅಧಿಕಾರಿಯದ್ದು. "ಹಾಗಾದರೆ ಎಲ್ಲ ಕಚೇರಿಗಳನ್ನೂ ಒಂದು ಮಾಡಬೇಕು ಅಂತೀರಾ?"

ಬೇಡ ಸರ್. ಬೋರ್ಡ್ ಬದಲಿಸಲು ಎರಡು ವರ್ಷ, ಕುರ್ಚಿ ಜಗಳಕ್ಕೆ ಮೂರು ವರ್ಷ ಹೋಗುತ್ತದೆ. ಎಲ್ಲಿ ಒಂದು ಕಚೇರಿಯ ಕೆಲಸ ನಿಂತು ಇನ್ನೊಂದರದ್ದು ಶುರುವಾಗಬೇಕೋ ಆ ಜಾಗಗಳನ್ನು ಮಾತ್ರ ಹಿಡಿಯಿರಿ. ಒಂದು ಹೇಳುತ್ತೇನೆ. ಮಳೆಗಾಲಕ್ಕೆ ಮುಂಚೆ ಕಾಲುವೆಯ ಹೂಳು ತೆಗೆಯುತ್ತಾರೆ. ತೆಗೆದದ್ದನ್ನು ಕಾಲುವೆಯ ದಡದಲ್ಲೇ ರಾಶಿ ಹಾಕುತ್ತಾರೆ. ಎತ್ತುವುದು ಕಸದವರ ಕೆಲಸ ಅಂತ ಕಾಲುವೆಯವರು, ಅದು ಹೂಳು, ಕಸವಲ್ಲ ಅಂತ ಕಸದವರು. ಮೊದಲ ಮಳೆಗೇ ಅದು ಮತ್ತೆ ಒಳಗೆ. ಬಿಲ್ ಪಾಸಾಗಿರುತ್ತದೆ, ಕಾಲುವೆ ಮೊದಲಿನಂತೇ ಇರುತ್ತದೆ. ಟೆಂಡರಿನಲ್ಲಿ ಹೂಳು ತೆಗೆಯುವುದು, ನೀರು ಬಸಿಯಲು ಬಿಡುವುದು, ಪ್ಲಾಸ್ಟಿಕ್ ಬೇರೆ ಮಾಡುವುದು, ಸಾಗಿಸುವುದು ಇಷ್ಟನ್ನೂ ಒಂದೇ ಕೆಲಸ ಅಂತ ಬರೆಯಿರಿ. ಕೊನೆಯ ಲೋಡು ದಡ ಬಿಟ್ಟು ಹೋದ ಮೇಲೆ ದುಡ್ಡು ಕೊಡಿ.